ಟಿಂಗ್ ನುಂಗಿದ ಸೌಂಡ್ ಕಾರ್ಡು

ಕಣ್ಣು ಮಂದವಾದವರು ಮೊದಲು ದೂರುವುದು ಕಣ್ಣನ್ನಲ್ಲ, ಅಚ್ಚು ಹಾಕಿದವರನ್ನು. ಇದು ಸೌಂಡಣ್ಣನ ಇಪ್ಪತ್ತೆಂಟು ವರ್ಷದ ಅನುಭವದ ಮಾತು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಗಾಜು ಕೂರಿಸುವುದು ಅವನ ಕೆಲಸ. ಗಿರಾಕಿ ಕುರ್ಚಿಯಲ್ಲಿ ಕೂತ ಕೂಡಲೇ ದೂರು ಶುರುವಾಗುತ್ತಿತ್ತು. ಪೇಪರಿನವರು ಈಗೀಗ ಶಾಯಿ ಉಳಿಸುತ್ತಿದ್ದಾರೆ, ಔಷಧಿಯವರು ಬೇಕೆಂದೇ ಅಕ್ಷರ ಸಣ್ಣ ಮಾಡಿದ್ದಾರೆ, ಬಲ್ಬುಗಳಲ್ಲಿ ಮೊದಲಿನ ಬೆಳಕಿಲ್ಲ. ಸೌಂಡಣ್ಣ ಎಲ್ಲಕ್ಕೂ ತಲೆಯಾಡಿಸಿ, ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟೊಂದನ್ನು ಏರಿಸಿ, ಒಂದೊಂದೇ ಗಾಜು ಬದಲಿಸುತ್ತ "ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿತ್ತಾ?" ಎಂದು ಕೇಳುತ್ತಿದ್ದ. ನಾಲ್ಕನೇ ಗಾಜಿನ ಹೊತ್ತಿಗೆ ಗಿರಾಕಿ ತಣ್ಣಗಾಗುತ್ತಿದ್ದ, ಪೇಪರಿನವರ ಶಾಯಿಯೂ ತಾನಾಗಿಯೇ ಗಟ್ಟಿಯಾಗುತ್ತಿತ್ತು. ಆತ ಮೆಟ್ಟಿಲಿಳಿದ ಮೇಲೆ ಸೌಂಡಣ್ಣ ಗಾಜುಗಳನ್ನು ಒರೆಸಿ ಪೆಟ್ಟಿಗೆಗೆ ಸೇರಿಸುತ್ತ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಬ್ಬನೇ ನಗುತ್ತಿದ್ದ.

ಕನ್ನಡಕದವನಿಗೆ ಸೌಂಡಣ್ಣ ಎಂಬ ಹೆಸರು ಬಂದದ್ದು ಅವನ ಮನೆಯ ಹಿಂದಿನ ಕೋಣೆಯಿಂದ. ಅಲ್ಲಿ ಒಂದು ಉದ್ದನೆಯ ಮೇಜು, ಮೇಜಿನ ತುಂಬ ವೈರು, ಬೆಸುಗೆ ಕಡ್ಡಿ, ಬಿಚ್ಚಿಟ್ಟ ಸ್ಪೀಕರುಗಳು. ನಡುವೆ ಇಸ್ಪೀಟೆಲೆಯಷ್ಟಗಲದ ಕಂಪ್ಯೂಟರ್ ಬೋರ್ಡುಗಳು. ಈ ಪುಟ್ಟ ಬೋರ್ಡುಗಳಿಗೆ ಬುದ್ಧಿ ಇದೆ, ಗಂಟಲಿಲ್ಲ. ಹಾಡಿಸಿದರೆ ನೆಗಡಿ ಹಿಡಿದವರ ಹಾಗೆ ಹಾಡುತ್ತವೆ. ಅದಕ್ಕೇ ಅವುಗಳ ನೆತ್ತಿಯ ಮೇಲೆ ಸೌಂಡ್ ಕಾರ್ಡ್ ಎಂಬ ಇನ್ನೊಂದು ಬಿಲ್ಲೆಯನ್ನು ಟೋಪಿಯ ಹಾಗೆ ಕೂರಿಸಬೇಕು. ಟೋಪಿ ಒಳ್ಳೆಯದಿದ್ದಷ್ಟೂ ಗಂಟಲು ಚೆನ್ನ. ಸೌಂಡಣ್ಣನ ಬಳಿ ಇಂಥ ಟೋಪಿಗಳು ಹದಿನೇಳಿದ್ದವು. ಹನ್ನೊಂದು ವರ್ಷದಿಂದ ಅವನು ತನ್ನ ಮನೆಗೆಂದು ಒಂದು ಹಾಡಿನ ಪೆಟ್ಟಿಗೆ ಮಾಡುತ್ತಿದ್ದ. ಈ ಹನ್ನೊಂದು ವರ್ಷದಲ್ಲಿ ಆ ಮನೆಯವರು ಒಂದು ಹಾಡನ್ನೂ ಕೊನೆಯ ಸಾಲಿನವರೆಗೆ ಕೇಳಿದ್ದಿಲ್ಲ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವನು ಕೈಯೆತ್ತಿ ನಿಲ್ಲಿಸಿ ಮತ್ತೆ ಮೊದಲಿನಿಂದ ಹಚ್ಚುತ್ತಿದ್ದ. ಹಾಡು ಅವನಿಗೆ ಬೇಕಿರಲಿಲ್ಲ, ಅದರ ಹಿಂದೆ ಅಡಗಿ ಕೂತ ದೋಷ ಬೇಕಿತ್ತು.

ದೋಷ ಹುಡುಕುವವನಿಗೆ ಜೊತೆಗಾರರು ಸಿಗದೆ ಇರುತ್ತಾರೆಯೇ. ಫೋನಿನಲ್ಲಿ ಅವನದೊಂದು ಗುಂಪಿತ್ತು, ನೂರನಲವತ್ತು ಜನ, ಎಲ್ಲರೂ ಇದೇ ಹುಚ್ಚಿನವರು, ಬಹುಪಾಲು ಐವತ್ತು ದಾಟಿದವರು. ಬೆಳಗಾಗುತ್ತಲೇ ಚರ್ಚೆ ಶುರು. ಯಾವ ಕಾರ್ಡಿನಲ್ಲಿ ಗುಂಯ್‌ಗುಡುವಿಕೆ ಕಡಿಮೆ, ಯಾವ ವೈರನ್ನು ಯಾವ ಕಡೆಗೆ ಬಗ್ಗಿಸಿದರೆ ಸದ್ದು ತಿಳಿಯಾಗುತ್ತದೆ ಎಂದು. ಎಲ್ಲರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವರೇ. ಆದರೆ ಒಂದು ವಿಷಯದಲ್ಲಿ ನೂರನಲವತ್ತೂ ಮಂದಿಗೆ ಒಮ್ಮತ. ಕೆಲವು ವರ್ಷಗಳಿಂದ ಕಾರ್ಡು ಮಾಡುವವರು ಮೋಸಕ್ಕಿಳಿದಿದ್ದಾರೆ, ಸದ್ದಿನ ಮೇಲಿನ ತುದಿಯನ್ನು, ಆ ಝಳಝಳವನ್ನು, ಕದ್ದು ನುಂಗುತ್ತಿದ್ದಾರೆ. ಹಳೆಯ ಕಾರ್ಡುಗಳಲ್ಲಿದ್ದ ಹೊಳಪು ಹೊಸದರಲ್ಲಿಲ್ಲ. ಇನ್ನೂ ಕೇಡೆಂದರೆ, ಹಳೆಯ ಕಾರ್ಡನ್ನೇ ಹುಡುಕಿ ತೆಗೆದು ಹಚ್ಚಿದರೂ ಆ ಹೊಳಪು ಬರುತ್ತಿರಲಿಲ್ಲ. ಇಟ್ಟಲ್ಲೇ ಹಳಸಿದೆ ಎಂದು ಗುಂಪು ತೀರ್ಮಾನಿಸಿತ್ತು.

ಸೌಂಡಣ್ಣನಿಗೆ ಮೋಸ ಎಲ್ಲ ಕಡೆಯೂ ಕಾಣತೊಡಗಿತ್ತು. ಕುಕ್ಕರಿನ ಸೀಟಿ ಮೊದಲಿನ ಹಾಗೆ ಕೂಗುವುದಿಲ್ಲ. ಬಾಗಿಲ ಗಂಟೆಯ ಬ್ಯಾಟರಿ ತಿಂಗಳೂ ಬಾಳುವುದಿಲ್ಲ. ಫೋನಿನ ಲೈನಂತೂ ಕುಲಗೆಟ್ಟು ಹೋಗಿದೆ. ಅವನ ಅಕ್ಕನದು ತೆಳ್ಳನೆಯ ಎಳೆ ದನಿ. ಬೇರೆ ಊರಿನಿಂದ ಅವಳು ವಾರಕ್ಕೊಮ್ಮೆ ಫೋನ್ ಮಾಡಿದಾಗಲೆಲ್ಲ ಅವನು "ಲೈನ್ ಸರಿಯಿಲ್ಲ ಅಕ್ಕ, ಆಮೇಲೆ ಮಾಡು" ಎಂದು ಇಡುತ್ತಿದ್ದ. ಕಂಪನಿ ಬದಲಿಸಿದ, ಫೋನೂ ಬದಲಿಸಿದ. ಕೊನೆಗೆ ಅವನ ಫೋನಿಗೆ ಅಕ್ಕನ ಕರೆಯೇ ಬರುವುದು ನಿಂತಿತು. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನಿಗೂ ತಾನು ಬೇಡವಾದೆ ಎಂದು ಅವನ ಮನಸ್ಸು ಮುರಿಯಿತು. ಅವಳಾಗಿಯೇ ಮಾಡುವವರೆಗೆ ತಾನೂ ಮಾಡುವುದಿಲ್ಲ ಎಂದು ಹಟ ತೊಟ್ಟ. ಹಟಕ್ಕೆ ಎರಡು ವರ್ಷ ತುಂಬಿತ್ತು.

ಇನ್ನು ಹೆಂಡತಿ. ಅವಳು ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂತು ಮೈಕಿನಲ್ಲಿ ರೋಗಿಗಳ ಹೆಸರು ಕೂಗುವವಳು. ದಿನಕ್ಕೆ ನಾಲ್ಕುನೂರು ಹೆಸರು. ಜ್ವರದಲ್ಲಿ ಅರೆಗಣ್ಣು ಮುಚ್ಚಿ ಕೂತವರೂ ಅವಳ ಒಂದೇ ಕೂಗಿಗೆ ಎದ್ದು ಬರುತ್ತಿದ್ದರು. ಊರಿಗೆಲ್ಲ ಅರ್ಥವಾಗುವ ಈ ದನಿ ಮನೆಗೆ ಬಂದ ಮೇಲೆ ಮಾತ್ರ ಕೆಡುತ್ತಿತ್ತು. "ಮಾತು ನುಂಗ್ತೀಯ. ತುದಿ ಬಿಡಿಸಿ ಹೇಳು" ಎಂದು ಗಂಡ ಐದು ವರ್ಷದಿಂದ ತಿದ್ದುತ್ತಿದ್ದ. ಮೊದಮೊದಲು ಅವಳು ಎರಡು ಸಲ ಹೇಳುತ್ತಿದ್ದಳು, ಮೂರು ಸಲ ಹೇಳುತ್ತಿದ್ದಳು. ಆಮೇಲೆ ಅಡುಗೆಮನೆಯಿಂದಲೇ ಒಮ್ಮೆ ಹೇಳಿ ಸುಮ್ಮನಾಗತೊಡಗಿದಳು. ವಯಸ್ಸಾದ ಹಾಗೆ ನಮ್ಮವಳು ಮಾತು ಕಡಿಮೆ ಮಾಡಿದ್ದಾಳೆ, ಮನೆಯಲ್ಲಿ ಶಾಂತಿ ಇದೆ ಎಂದು ಸೌಂಡಣ್ಣ ಗುಂಪಿನಲ್ಲಿ ಜಂಬದಿಂದ ಬರೆದುಕೊಂಡಿದ್ದ. ಅಸೂಯೆ ಪಟ್ಟವರು ಅಲ್ಲಿ ಬಹಳ ಮಂದಿ.

ಅವರಿದ್ದದ್ದು ನಾಲ್ಕು ಮಹಡಿಯ ಹಳೆಯ ಕಟ್ಟಡದ ಕೊನೆಯ ಮಹಡಿಯಲ್ಲಿ. ಮೂರನೆಯ ಮಹಡಿಯಲ್ಲಿ ಭೂಗೋಳದ ಟೀಚರೊಬ್ಬರಿದ್ದರು, ನಿವೃತ್ತರು, ಒಂಟಿ ಹೆಂಗಸು. ಐದಾರು ವರ್ಷಗಳಲ್ಲಿ ಅವರ ದೃಷ್ಟಿ ಪೂರ್ತಿ ಹೋಗಿತ್ತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ದಿಕ್ಕು ಕಲಿಸಿದವರು ತಮ್ಮ ದಿಕ್ಕು ತಪ್ಪಿಸಿಕೊಂಡಾರೆಯೇ. ಕೋಲು ಹಿಡಿದು, ಹೆಜ್ಜೆ ಎಣಿಸಿ, ಎಲ್ಲ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಎರಡು ಬೀದಿಯಾಚೆ ಒಂದು ವಾಚನಾಲಯವಿತ್ತು. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಒಬ್ಬರು ಪೇಪರು ಗಟ್ಟಿಯಾಗಿ ಓದುತ್ತಿದ್ದರು. ಟೀಚರಿಗೆ ಅದನ್ನು ಕೇಳಿ, ಊರ ಹೆಸರುಗಳ ಉಚ್ಚಾರ ತಿದ್ದಿ ಬರದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

ತೊಡಕಿದ್ದದ್ದು ಲಿಫ್ಟಿನಲ್ಲಿ. ಅದರ ಗುಂಡಿಗಳು ಸವೆದು ಸಪಾಟಾಗಿದ್ದವು, ಎಲ್ಲಿ ನಿಂತಿತು ಎಂದು ಹೇಳುವವರಿಲ್ಲ. ಒಮ್ಮೆ ಟೀಚರು ಎರಡನೇ ಮಹಡಿಯಲ್ಲೇ ಇಳಿದು, ತೆರೆದಿದ್ದ ಬಾಗಿಲಿನಿಂದ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತು, ನನ್ನ ಮೇಜನ್ನು ಇಲ್ಲಿಂದ ಸರಿಸಿದವರು ಯಾರು ಎಂದು ಜೋರು ಮಾಡಿದರು. ಆ ಮನೆಯ ದಂಪತಿ ಹೆದರಿ ಮೇಜನ್ನು ಅವರು ಹೇಳಿದ ಕಡೆಗೆ ಸರಿಸಿಯೂ ಬಿಟ್ಟರು. ಎಲ್ಲರೂ ನಕ್ಕರು, ಟೀಚರೂ ನಕ್ಕರು. ಆದರೆ ಮರುದಿನದಿಂದ ಅವರು ಹೊರಗೆ ಹೋಗಲು ಯಾರಾದರೂ ಜೊತೆಯಾಗಲಿ ಎಂದು ಬಾಗಿಲಲ್ಲಿ ಕಾದು ನಿಲ್ಲತೊಡಗಿದರು. ವಾರಕ್ಕೆ ಎರಡು ದಿನ ಯಾರೂ ಸಿಗುತ್ತಿರಲಿಲ್ಲ.

ಹೀಗೆ ಕಾದು ನಿಂತವರನ್ನು ಕಂಡು ಸೌಂಡಣ್ಣನಿಗೆ ನಿಜವಾಗಿಯೂ ಸಂಕಟವಾಯಿತು. ಅವನಿಗೆ ಮರುಳಿರಬಹುದು, ಮನಸ್ಸು ಕೆಟ್ಟದ್ದಲ್ಲ. ಮಾತಾಡುವ ಲಿಫ್ಟು ಮಾಡಿಕೊಡುತ್ತೇನೆ, ಬಿಡಿಗಾಸೂ ಬೇಡ ಎಂದ. ಪ್ರತಿ ಮಹಡಿಗೊಂದು ಅಯಸ್ಕಾಂತ, ಅದನ್ನು ಗುರುತಿಸುವ ಒಂದು ಕಣ್ಣು, ಬೋರ್ಡು, ಅದರ ಮೇಲೆ ಸೌಂಡ್ ಕಾರ್ಡು, ಛಾವಣಿಯ ಜಾಲರಿಯ ಹಿಂದೆ ಸ್ಪೀಕರು. ಲಿಫ್ಟು ನಿಂತಾಗ ಮೊದಲು "ಟಿಂಗ್" ಎನ್ನಬೇಕು, ಆಮೇಲೆ "ಮೂರನೇ ಮಹಡಿ, ಹುಷಾರಾಗಿ ಹೆಜ್ಜೆ ಇಡಿ" ಎನ್ನಬೇಕು. ದನಿ ಹೆಂಡತಿಯದು. ಅವಳು ಒಂದೇ ಸಲಕ್ಕೆ ತಪ್ಪಿಲ್ಲದೆ ಹೇಳಿದಳು. ಅವನು ತುದಿ ಬಿಡಿಸು ಎಂದು ಇಪ್ಪತ್ತೆರಡು ಸಲ ಹೇಳಿಸಿದ.

ಮಾತಿಗಿಂತ ಟಿಂಗ್ ಕಾಡಿತು. ಲಿಫ್ಟಿನ ಮೋಟಾರು ದಪ್ಪ ದನಿಯಲ್ಲಿ ಗುರುಗುಡುತ್ತದೆ, ಹಾಗಾಗಿ ಟಿಂಗ್ ಅದಕ್ಕಿಂತ ಬಹಳ ಎತ್ತರದಲ್ಲಿ ತೇಲಬೇಕು ಎಂದು ಗುಂಪಿನ ಹಿರಿಯರು ಸಲಹೆ ಕೊಟ್ಟರು. ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ. ಸೌಂಡಣ್ಣ ಅಂಕಿಗಳನ್ನು ಒತ್ತಿ ಅಷ್ಟು ಎತ್ತರದ ಟಿಂಗ್ ಒಂದನ್ನು ತಯಾರಿಸಿ ಹಚ್ಚಿದ. ಏನೂ ಕೇಳಿಸಲಿಲ್ಲ. ಪರದೆಯ ಮೇಲೆ ಅಲೆ ಎದ್ದೆದ್ದು ಬೀಳುತ್ತಿದೆ, ಕೋಣೆಯಲ್ಲಿ ಸದ್ದಿಲ್ಲ. ಕಾರ್ಡು ನುಂಗುತ್ತಿದೆ ಎಂದು ಅದನ್ನು ಕಿತ್ತು ಎರಡನೆಯದನ್ನು ಕೂರಿಸಿದ. ಅದೂ ನುಂಗಿತು. ಆಮೇಲೆ ಬಂಗಾರದ ಕಾಲಿನ ಒಂದು ಕಾರ್ಡು ತರಿಸಿದ. ಅದರಲ್ಲಿ ಎಲ್ಲ ತಿರುಪುಗಳನ್ನೂ ಕೊನೆಯವರೆಗೆ ತಿರುಗಿಸಿದಾಗ, ದೂರದಲ್ಲೆಲ್ಲೋ ಚಮಚ ಬಿದ್ದ ಹಾಗೆ ಸಣ್ಣಗೆ ಟಿಂಗ್ ಎಂದಿತು. ಅವನು ಗೆದ್ದೆನೆಂದು ಕುರ್ಚಿಯಿಂದ ಎದ್ದು ನಿಂತ.

ಅದೇ ಗಳಿಗೆಯಲ್ಲಿ ಹೆಂಡತಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೋಣೆಗೆ ಬಂದಳು. ಕಿವಿ ತೂತಾಗುತ್ತಿದೆ, ನಿಲ್ಲಿಸಿ ಎಂದಳು. ಸೌಂಡಣ್ಣ ಅವಳನ್ನು ಕನಿಕರದಿಂದ ನೋಡಿದ. ದಿನವಿಡೀ ಮೈಕಿನ ಮುಂದೆ ಕೂತು ಅವಳ ಕಿವಿ ಕೆಟ್ಟಿರಬೇಕು, ಒಂದು ಸಲ ತೋರಿಸಿಕೊಳ್ಳುವುದು ಒಳ್ಳೆಯದು ಎಂದು ಬುದ್ಧಿ ಹೇಳಿದ. ಅವಳು ಏನೋ ಅಂದಳು, ಅವನಿಗೆ ತುದಿ ಕೇಳಿಸಲಿಲ್ಲ. ಕೇಳಿಸದಿದ್ದದ್ದು ಅವನ ಪುಣ್ಯ.

ಲಿಫ್ಟಿಗೆ ಕೂರಿಸಿದ ದಿನ ಕಟ್ಟಡದ ಸೆಕ್ರೆಟರಿ, ಟೀಚರು ಮತ್ತು ಇನ್ನು ನಾಲ್ಕು ಮಂದಿ ಒಳಗೆ ನಿಂತರು. ಲಿಫ್ಟು ಏರಿತು, ನಿಂತಿತು, ಟಿಂಗ್ ಎಂದಿತು. ಅದು ಟಿಂಗ್ ಅಲ್ಲ, ದಬ್ಬಳದಿಂದ ಕಿವಿಯೊಳಗೆ ಹೊಲಿಗೆ ಹಾಕಿದ ಹಾಗೆ. ಸೆಕ್ರೆಟರಿಯ ಹೆಗಲು ಕಿವಿಯವರೆಗೆ ಏರಿತು. ಒಬ್ಬರು ಹಲ್ಲು ಕಚ್ಚಿದರು. ಎರಡನೇ ಮಹಡಿಯ ನಾಯಿ ತೆರೆದ ಬಾಗಿಲಿನ ಮುಂದೆ ಒಂದು ಕ್ಷಣ ನಿಂತು, ಯಜಮಾನನನ್ನು ಎಳೆದುಕೊಂಡು ಓಡಿತು. "ಹುಷಾರಾಗಿ ಹೆಜ್ಜೆ" ಎಂಬಲ್ಲಿ ಇದ್ದ ಷಕಾರ ಜಕಾರಗಳು ಗರಗಸವಾಗಿ ಬಂದವು. ಎಲ್ಲರ ನಡುವೆ ಸೌಂಡಣ್ಣ ಒಬ್ಬನೇ ಕಣ್ಣು ಅರೆಮುಚ್ಚಿ ಮುಗುಳುನಗುತ್ತಿದ್ದ. ಹೇಗಿದೆ ಎಂದು ಕೇಳಿದ. ಬಹಳ ಸ್ಪಷ್ಟವಾಗಿದೆ ಎಂದು ಸೆಕ್ರೆಟರಿ ಹೇಳಿದ. ಆತ ಸುಳ್ಳು ಹೇಳಲಿಲ್ಲ.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ನೋಡಿ. ಬಿಟ್ಟಿ ಕೆಲಸ, ಅದೂ ಕಣ್ಣಿಲ್ಲದವರಿಗಾಗಿ ಮಾಡಿದ್ದು, ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಜನ ಸುಮ್ಮನೆ ಮೆಟ್ಟಿಲು ಹತ್ತತೊಡಗಿದರು. ಲಿಫ್ಟಿಗೆ ದನಿ ಬಂದ ಮೇಲೆ ನಿವಾಸಿಗಳಲ್ಲಿ ವ್ಯಾಯಾಮದ ಆಸಕ್ತಿ ಹೆಚ್ಚಿದೆ ಎಂದು ಸೌಂಡಣ್ಣ ಗುಂಪಿನಲ್ಲಿ ಬರೆದ. ಯಾರೋ ಜಾಲರಿಯ ಮೇಲೆ ಹತ್ತಿಯಿಟ್ಟು ಟೇಪು ಸುತ್ತಿದರು. ಅವನು ಅದನ್ನು ಕಿತ್ತು, ಕೀಟಲೆ ಮಾಡಿದವರಿಗೆ ಪಾಠವಾಗಲೆಂದು ಸದ್ದನ್ನು ಇನ್ನೊಂದು ಗೆರೆ ಏರಿಸಿದ. ಸೆಕ್ರೆಟರಿ ಕೊನೆಗೆ ಧೈರ್ಯ ತಂದುಕೊಂಡು, ಸ್ವಲ್ಪ ಕಡಿಮೆ ಮಾಡಿದರೆ ಹೇಗೆ ಎಂದು ಗೋಡೆಯ ಕಡೆ ನೋಡಿಕೊಂಡು ಕೇಳಿದ. ಕಡಿಮೆ ಮಾಡಿದರೆ ಟೀಚರಿಗೆ ಕೇಳಿಸುವುದಿಲ್ಲ, ಇದು ಅವರಿಗಾಗಿ ಮಾಡಿದ್ದಲ್ಲವೇ ಎಂದು ಸೌಂಡಣ್ಣ ಮರುಪ್ರಶ್ನೆ ಹಾಕಿದ. ಸೆಕ್ರೆಟರಿ ತನ್ನ ಮನುಷ್ಯತ್ವದ ಮೇಲೆಯೇ ಅನುಮಾನ ಬಂದು ಹಿಂದಿರುಗಿದ.

ಟೀಚರು ಮಾತ್ರ ಲಿಫ್ಟು ಬಿಡಲಿಲ್ಲ. ಅವರಿಗೆ ಮೆಟ್ಟಿಲು ಆಗದು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡು, ದಿನಾ ಒಬ್ಬರೇ ಇಳಿದು ಒಬ್ಬರೇ ಹತ್ತಿದರು. ಬೆರಳಿಟ್ಟುಕೊಂಡರೂ ಮಹಡಿ ಯಾವುದೆಂದು ಕೇಳಿಸುತ್ತಿತ್ತು. ಬೆರಳಿಲ್ಲದಿದ್ದರೆ ಅದರ ನೋವು ವಾಚನಾಲಯದಲ್ಲಿ ಪೇಪರು ಮುಗಿಯುವವರೆಗೂ ಉಳಿಯುತ್ತಿತ್ತು.

ಮೂರನೇ ವಾರ ಲಿಫ್ಟಿನ ಪಕ್ಕದ ಹಲಗೆಯಲ್ಲಿ ಒಂದು ಕಾಗದ ಬಂತು. ಭಾನುವಾರ ಹತ್ತು ಗಂಟೆಗೆ ನಿವಾಸಿಗಳ ಸಭೆ, ವಿಷಯ: ಲಿಫ್ಟಿನ ಧ್ವನಿ ವ್ಯವಸ್ಥೆಯನ್ನು ತೆಗೆಸುವುದು. ಬದುಕಿನಲ್ಲಿ ಅವನು ಮಾಡಿ ಮುಗಿಸಿದ ಒಂದೇ ಒಂದು ಕೆಲಸ ಅದು, ಅದನ್ನೂ ಕಿತ್ತು ಹಾಕಲು ಕೈಯೆತ್ತುತ್ತಾರಂತೆ. ಕೃತಘ್ನರು, ಕಿವಿಯ ಸಂಸ್ಕಾರವಿಲ್ಲದವರು ಎಂದು ಅವನು ಮನೆಯಲ್ಲಿ ಕೂಗಾಡಿದ. ಹೆಂಡತಿ ಕಾಗದ ಓದಿ ಸೀದಾ ಮೂರನೇ ಮಹಡಿಗೆ ಹೋದಳು. ವ್ಯವಸ್ಥೆ ಹೋದರೆ ಟೀಚರು ಮತ್ತೆ ಬಾಗಿಲಲ್ಲಿ ಯಾರದೋ ತೋಳಿಗಾಗಿ ಕಾಯಬೇಕು. ಉಳಿದರೆ ಉಳಿದವರು ಕಿವುಡಾಗಬೇಕು. ನಡುವಿನ ದಾರಿಯ ಬೀಗದ ಕೈ ತನ್ನ ಗಂಡನ ಬಳಿ ಇದೆ, ಅವನಿಗೆ ಬೀಗವೇ ಕಾಣುತ್ತಿಲ್ಲ. ಅವರಿಬ್ಬರೂ ಏನು ಮಾತಾಡಿಕೊಂಡರೋ, ಶನಿವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅಂಗಡಿಗೆ ಬಂದರು.

ಕಣ್ಣಿಲ್ಲದ ಟೀಚರು ಕನ್ನಡಕದಂಗಡಿಗೆ ಬಂದದ್ದು ಕಂಡು ಸೌಂಡಣ್ಣ ತಬ್ಬಿಬ್ಬಾದ. ಪರೀಕ್ಷೆಯ ಕುರ್ಚಿಯನ್ನು ಒರೆಸಿ ಕೂರಿ ಎಂದ. ಇವತ್ತು ನೀವು ಕೂರಿ ಎಂದರು ಟೀಚರು. ಹೇಳಿದ ಕೂಡಲೇ ಕೂರುವಂಥ ದನಿ ಅದು. ಅವನು ಕೂತ. ಎದುರಿಗೆ ಗೋಡೆಯ ಮೇಲೆ ಅಕ್ಷರದ ಫಲಕ, ಪಕ್ಕದಲ್ಲಿ ಗಿರಾಕಿಗಳು ಮುಖ ನೋಡಿಕೊಳ್ಳುವ ಉದ್ದನೆಯ ಕನ್ನಡಿ. ಇಪ್ಪತ್ತೆಂಟು ವರ್ಷದಲ್ಲಿ ಆ ಕುರ್ಚಿಯಿಂದ ಅಂಗಡಿಯನ್ನು ಅವನು ನೋಡಿದ್ದೇ ಇಲ್ಲ.

"ಮೊದಲನೇ ಸಲ ನಾನಿಲ್ಲಿಗೆ ಬಂದಾಗ ಏನಂದೆ, ನೆನಪಿದ್ಯಾ?" ಎಂದರು ಟೀಚರು.

"ಅಟ್ಲಾಸ್ ಮಾಡೋರು ನದಿಗಳನ್ನ ತೆಳ್ಳಗೆ ಬರೀತಿದ್ದಾರೆ ಅಂದ್ರಿ."

"ನೀವು ನಗಲಿಲ್ಲ. ನದಿಗಳು ಹಾಗೇ ಇವೆ ಟೀಚರ್ ಅಂದ್ರಿ. ಅಂಗಡಿ ಮುಚ್ಚಿ ನನ್ನ ಜೊತೆ ಆಸ್ಪತ್ರೆಗೆ ಬಂದ್ರಿ. ಈಗ ನಾನೂ ನಗಲ್ಲ. ನೇರ ನೋಡ್ಕೊಂಡು ಕೂರಿ, ಟಿಂಗ್ ಕೇಳ್ಸಿದಾಗ ಕೈ ಎತ್ತಿ."

ಹೆಂಡತಿ ಅವನ ಬೆನ್ನ ಹಿಂದೆ ಫೋನು ಹಿಡಿದು ನಿಂತಿದ್ದಳು. ಲಿಫ್ಟಿನ ಅದೇ ಟಿಂಗನ್ನು ಅದರಲ್ಲಿ ಹಾಕಿಕೊಂಡು ಬಂದಿದ್ದಳು, ಸಾಮಾನ್ಯರು ಕೇಳುವಷ್ಟು ಸದ್ದಿನಲ್ಲಿ. ಸೌಂಡಣ್ಣ ಫಲಕ ನೋಡುತ್ತ ಕಾದ. ಅವಳಿನ್ನೂ ಶುರು ಮಾಡಿಲ್ಲ ಅನ್ನಿಸಿತು. ಫೋನಿನಲ್ಲಿ ಏನೋ ಹುಡುಕುತ್ತಿರಬೇಕು, ಯಂತ್ರದ ವಿಷಯದಲ್ಲಿ ಅವಳು ನಿಧಾನ ಎಂದುಕೊಂಡ. ಬೇಸರದಿಂದ ಕಣ್ಣು ಪಕ್ಕದ ಕನ್ನಡಿಯ ಕಡೆ ಹೊರಳಿತು.

ಕನ್ನಡಿಯಲ್ಲಿ ಟೀಚರು ಸ್ಟೂಲಿನ ಮೇಲೆ ಕೂತಿದ್ದರು. ಬಲಗೈ ಮೊಣಕಾಲಿನ ಮೇಲಿತ್ತು. ತೋರುಬೆರಳು ಎದ್ದು ಬಿತ್ತು. ಸ್ವಲ್ಪ ಹೊತ್ತಾಯಿತು, ಮತ್ತೆ ಎದ್ದು ಬಿತ್ತು. ಅವನು ಹೆಂಡತಿಯ ಹೆಬ್ಬೆರಳನ್ನು ನೋಡಿದ. ಅದು ಫೋನನ್ನು ಒತ್ತುತ್ತಿದ್ದಂತೆ ಟೀಚರ ಬೆರಳು ಏಳುತ್ತಿತ್ತು. ಏನನ್ನೂ ಕಾಣದ ಹೆಂಗಸು, ಹೆಬ್ಬೆರಳು ಒತ್ತಿದ ಗಳಿಗೆಗೆ ಸರಿಯಾಗಿ, ಒಂದೂ ತಪ್ಪದೆ, ಏಳು ಸಲ ಬೆರಳೆತ್ತಿದರು. ಸೌಂಡಣ್ಣನ ಕೈ ಕುರ್ಚಿಯ ತೋಳಿನ ಮೇಲೆ ಇದ್ದಲ್ಲೇ ಇತ್ತು.

"ಆ ಫೋನಿನ ಸ್ಪೀಕರು ಸರಿಯಿ..." ಎಂದು ಶುರು ಮಾಡಿದವನು ಅರ್ಧಕ್ಕೆ ನಿಂತ. ಆ ಮಾತನ್ನು ಅವನು ಎಲ್ಲೋ ಕೇಳಿದ್ದ. ಎಲ್ಲೋ ಏನು, ಇದೇ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ಕೇಳಿದ್ದ. ಪೇಪರಿನವರ ಶಾಯಿ, ಔಷಧಿಯವರ ಅಕ್ಷರ, ಬಲ್ಬಿನ ಬೆಳಕು ಎಲ್ಲ ಸಾಲಾಗಿ ಬಂದು ಅವನ ಮುಂದೆ ನಿಂತವು. ನೆಲ ಡೊಂಕಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು ಭಯವಾಯಿತು, ಕತ್ತಲಲ್ಲಿ ಮೆಟ್ಟಿಲು ಮುಗಿದಿದೆ ಎಂದುಕೊಂಡು ಕಾಲಿಟ್ಟವನಿಗೆ ಆಗುವಂಥ ಭಯ.

"ಎಷ್ಟು ಸಲ ಒತ್ತಿದೆ?" ಎಂದು ಹೆಂಡತಿಯನ್ನು ಕೇಳಿದ.

"ಏಳು" ಎಂದಳು. ಆಮೇಲೆ ಅವನೆದುರಿಗೆ ಬಂದು ನಿಂತು, ಮುಖಕ್ಕೆ ಮುಖ ಕೊಟ್ಟು, "ಇವತ್ತು ಏಳು. ಐದು ವರ್ಷದಿಂದ ಎಷ್ಟು ಅಂತ ನಾನು ಲೆಕ್ಕ ಇಟ್ಟಿಲ್ಲ" ಎಂದಳು. ತುದಿ ಬಿಡಿಸಿಯೇ ಹೇಳಿದಳು.

ಭಾನುವಾರದ ಸಭೆ ಕೆಳಗಿನ ವಾಹನ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸೇರಿತು. ಹೊಗಳಿ ತೆಗಳುವುದು ಹೇಗೆಂದು ಸೆಕ್ರೆಟರಿ ಎರಡು ಪುಟ ಬರೆದುಕೊಂಡು ಬಂದಿದ್ದ. ಮಹತ್ತರ ಕೊಡುಗೆ, ನಿಸ್ವಾರ್ಥ ಸೇವೆ, ಆದಾಗ್ಯೂ ಎಂದು ಮೊದಲ ಪುಟದ ಕೊನೆಗೆ ಬಂದಿದ್ದ. ಸೌಂಡಣ್ಣ ಎದ್ದು ನಿಂತ. ರಾತ್ರಿಯೆಲ್ಲ ಅವನೂ ಒಂದು ಭಾಷಣ ಕಟ್ಟಿದ್ದ. ಅದರಲ್ಲಿ ಕಂಪನಾಂಕಗಳೂ ಕಿವಿಯ ಒಳರಚನೆಯೂ ಇದ್ದವು. ಎದ್ದ ಮೇಲೆ ಅದ್ಯಾವುದೂ ನಾಲಿಗೆಗೆ ಬರಲಿಲ್ಲ.

"ಕಾರ್ಡು ಸರಿಯಾಗಿದೆ, ಕಿವಿ ಸರಿಯಿಲ್ಲ. ನಂದು" ಎಂದ. "ತೆಗೀಬೇಡಿ. ಇವಳು ಹೇಳಿದ ಹಾಗೆ ಸರಿಮಾಡ್ತೀನಿ."

ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಒಮ್ಮೆಗೇ ಚಪ್ಪಲಿ ನೋಡಿಕೊಂಡರು. ಮೂರು ವಾರ ಮೆಟ್ಟಿಲು ಹತ್ತಿದ ಮಂಡಿಗಳಿಗೆ ಸಿಟ್ಟಿತ್ತು, ಆದರೆ ಹೀಗೆ ಒಪ್ಪಿಕೊಂಡ ಮನುಷ್ಯನ ಮೇಲೆ ಅದನ್ನು ಹೇಗೆ ತೀರಿಸಿಕೊಳ್ಳುವುದು? ಸೆಕ್ರೆಟರಿಗೆ ಎರಡನೇ ಪುಟ ಓದುವ ಅವಕಾಶ ತಪ್ಪಿದ್ದಕ್ಕೆ ಸ್ವಲ್ಪ ಬೇಜಾರಾಯಿತು. ನಡಾವಳಿಯಲ್ಲಿ ಅವನು "ತಾಂತ್ರಿಕ ದೋಷವನ್ನು ಪತ್ತೆಹಚ್ಚಲಾಗಿದೆ" ಎಂದಷ್ಟೇ ಬರೆದ.

ಆ ಮಧ್ಯಾಹ್ನ ಲಿಫ್ಟನ್ನು ಮೂರನೇ ಮಹಡಿಯಲ್ಲಿ ನಿಲ್ಲಿಸಿಕೊಂಡು ಮೂವರೂ ಒಳಗೆ ಸೇರಿದರು. ಸೌಂಡಣ್ಣ ನೆಲದ ಮೇಲೆ, ತೊಡೆಯ ಮೇಲೆ ಬೋರ್ಡು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಟೀಚರು ಮನೆಯಿಂದ ತಂದ ಸ್ಟೂಲಿನ ಮೇಲೆ. ಅವನು ಒಂದು ಗೆರೆ ಇಳಿಸಿ ಟಿಂಗ್ ಹಚ್ಚುವನು, ಇನ್ನೊಂದು ಗೆರೆ ಇಳಿಸಿ ಹಚ್ಚುವನು.

"ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿತ್ತಾ?" ಎಂದು ಕೇಳುತ್ತಿದ್ದವಳು ಹೆಂಡತಿ. ಉತ್ತರ ಕೊಡುತ್ತಿದ್ದವರು ಟೀಚರು. ಅವನಿಗೆ ಇದೂ ಕೇಳಿಸುತ್ತಿರಲಿಲ್ಲ, ಅದೂ ಕೇಳಿಸುತ್ತಿರಲಿಲ್ಲ. ಅವರಿಬ್ಬರ ಮುಖ ನೋಡಿಕೊಂಡು ತಿರುಪು ತಿರುಗಿಸುತ್ತಿದ್ದ. ಟೀಚರ ಹುಬ್ಬು ಸಡಿಲವಾದ ಜಾಗದಲ್ಲಿ ನಿಲ್ಲಿಸಿದ. ಸೋಮವಾರ ಬೆಳಿಗ್ಗೆ ಟೀಚರು ಕೋಲನ್ನು ಕೈಯಲ್ಲೇ ಹಿಡಿದು, ಕಿವಿ ಬಿಟ್ಟುಕೊಂಡು ಇಳಿದು ಹೋದರು. ಎರಡನೇ ಮಹಡಿಯ ನಾಯಿ ಇನ್ನೂ ಎರಡು ವಾರ ಯೋಚನೆ ಮಾಡಿ ಆಮೇಲೆ ಒಪ್ಪಿತು.

ಗುಂಪಿನಲ್ಲಿ ಸೌಂಡಣ್ಣ ನಡೆದದ್ದನ್ನು ನಡೆದ ಹಾಗೆ, ಕಿವಿ ಡಾಕ್ಟರಿಗೆ ತೋರಿಸಿಕೊಂಡದ್ದನ್ನೂ ಬಿಡದೆ ಬರೆದ. ಕಾರ್ಡು ಮಾಡುವವರಲ್ಲಿ ಕ್ಷಮೆ ಕೇಳುವ ಸಾಲೊಂದನ್ನೂ ಸೇರಿಸಿದ. ಹೊತ್ತು ಹೋಗದೆ ಬೆಸುಗೆಯ ಹೊಗೆಯ ವಾಸನೆಯ ಬಗ್ಗೆಯೂ ಎಂಬತ್ತು ಸಂದೇಶ ಬರೆಯುವ ಗುಂಪು ಅದು. ಇದಕ್ಕೆ ಎರಡು ದಿನ ಒಬ್ಬರೂ ಉತ್ತರಿಸಲಿಲ್ಲ. ಮೂರನೇ ದಿನ, ಮೊಲಕ್ಕೆ ಮೂರೇ ಕಾಲು ಎಂದು ಎಲ್ಲರಿಗಿಂತ ಜೋರಾಗಿ ವಾದಿಸುತ್ತಿದ್ದ ಹಿರಿಯರೊಬ್ಬರು ಅವನಿಗೆ ಖಾಸಗಿಯಾಗಿ ಒಂದು ಸಾಲು ಕಳಿಸಿದರು. ತನ್ನ ಸ್ನೇಹಿತನೊಬ್ಬನಿಗೆ ಬೇಕಿತ್ತು, ಕಿವಿ ಡಾಕ್ಟರ ವಿಳಾಸ ಕೊಡಿ ಎಂದು. ವಾರದೊಳಗೆ ಇಪ್ಪತ್ತಾರು ಮಂದಿಯ ಸ್ನೇಹಿತರಿಗೆ ಅದೇ ವಿಳಾಸ ಬೇಕಾಯಿತು.

ಕಿವಿ ಡಾಕ್ಟರು ಇವನ ಕಿವಿಗೂ ಒಂದು ಯಂತ್ರ ಕೊಟ್ಟರು, ಅವರೆಕಾಳಿಗಿಂತ ತುಸು ದೊಡ್ಡದು. ಅದರೊಳಗೂ ಒಂದು ಪುಟಾಣಿ ಸೌಂಡ್ ಕಾರ್ಡಿದೆಯಲ್ಲವೇ, ಯಾವ ಮಾದರಿ ಎಂದು ಅವನು ಕೇಳಿದ. ಬಿಚ್ಚಬೇಡಿ ಎಂದಷ್ಟೇ ಡಾಕ್ಟರು ಹೇಳಿದರು. ಮೊದಲ ದಿನವೆಲ್ಲ ಅವನು ಬೆಚ್ಚಿ ಬೀಳುತ್ತಲೇ ಇದ್ದ. ಪೇಪರಿನ ಹಾಳೆ ಮಗುಚಿದರೆ ಸದ್ದು, ಚಪ್ಪಲಿ ಎಳೆದರೆ ಸದ್ದು, ಗಾಜು ಒರೆಸುವ ಬಟ್ಟೆಗೂ ಒಂದು ಸದ್ದು. ಬಾಗಿಲ ಗಂಟೆಯ ಬ್ಯಾಟರಿ ತಾನಾಗಿಯೇ ತುಂಬಿಕೊಂಡಿತ್ತು. ಸಂಜೆ ಲಿಫ್ಟಿನಲ್ಲಿ ಟಿಂಗ್ ಎಂದಿತು. ತಾನು ಮಾಡಿದ ಟಿಂಗನ್ನು ಅವನು ಸರಿಯಾಗಿ ಕೇಳಿದ್ದು ಅದೇ ಮೊದಲು. ಚೆನ್ನಾಗಿಯೇ ಇತ್ತು.

ಮನೆಗೆ ಬಂದು ಚಪ್ಪಲಿ ಬಿಟ್ಟು, ದಿನಾ ಕೇಳುವ ಹಾಗೆ "ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಕೇಳಿದ. ಕೇಳುವುದೊಂದು ಅಭ್ಯಾಸ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದು, ಕೇಳಿದ ಕಾಲಲ್ಲೇ ಹಿಂದಿನ ಕೋಣೆಗೆ ನಡೆಯುವವನು. ಈ ದಿನವೂ ಎರಡು ಹೆಜ್ಜೆ ಇಟ್ಟಿದ್ದ.

"ನಿಮ್ಮಕ್ಕ ಮಾಡಿದ್ರು" ಎಂದು ಅಡುಗೆಮನೆಯಿಂದ ದನಿ ಬಂತು. ಅವಳು ಬೆನ್ನು ಹಾಕಿ ನಿಂತು ತರಕಾರಿ ಹೆಚ್ಚುತ್ತಿದ್ದಳು. ದನಿ ಎತ್ತರಿಸಿರಲಿಲ್ಲ, ಯಾರಿಗೂ ಹೇಳುತ್ತಿಲ್ಲವೆಂಬಂತೆ ಹೇಳುತ್ತಿದ್ದಳು. "ನನ್ನ ಫೋನಿಗೆ ವಾರ ವಾರ ಮಾಡ್ತಾರೆ. ಅವನಿಗೆ ನನ್ನ ಜೊತೆ ಮಾತಾಡೋ ಮನಸ್ಸಿಲ್ವಾ ಅಂತ ವಾರ ವಾರ ಕೇಳ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ."

ಸೌಂಡಣ್ಣ ಬಾಗಿಲಲ್ಲಿ ನಿಂತ. ಎರಡು ವರ್ಷ. ವಾರಕ್ಕೊಂದರಂತೆ ನೂರು ಸಲ ಇವಳು ಹೇಳಿದ್ದಾಳೆ, ನೂರು ಸಲ ತಾನು ಚಪ್ಪಲಿ ಬಿಟ್ಟು ಹಿಂದಿನ ಕೋಣೆಗೆ ಹೋಗಿದ್ದೇನೆ.

"ಯಾವಾಗ ಮಾಡಿದ್ಲು?" ಎಂದ.

ಅವಳ ಕೈಯ ಚಾಕು ನಿಂತಿತು. ತಿರುಗಿ ಅವನ ಕಿವಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. "ಮಧ್ಯಾಹ್ನ" ಎಂದಳು. ಆಮೇಲೆ "ಇನ್ಮೇಲೆ ನೋಡ್ಕೊಂಡು ಮಾತಾಡ್ಬೇಕಾಯ್ತಲ್ಲ ನಾನು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಚ್ಚುತ್ತಿದ್ದದ್ದು ಈರುಳ್ಳಿಯಾಗಿರಲಿಲ್ಲ.

ಅವನು ಅಲ್ಲೇ ನಿಂತು ಅಕ್ಕನಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಎತ್ತಿದವಳು ತಮ್ಮನ ದನಿ ಕೇಳಿ, ಲೈನು ಸರಿಯಿಲ್ಲದವನಿಗೆ ಕೇಳಿಸಲೆಂದು ತನ್ನ ತೆಳ್ಳನೆಯ ದನಿಯನ್ನೆಲ್ಲ ಒಟ್ಟುಗೂಡಿಸಿ, ಹೇಗಿದ್ದೀಯೋ ಎಂದು ಕೂಗಿದಳು. ಫೋನು ನಡುಗಿತು, ಕಿವಿಯೊಳಗಿನ ಯಂತ್ರ ಕಿರ್ರೆಂದಿತು. ಸೌಂಡಣ್ಣ ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದ.

"ಮೆಲ್ಲಗೆ ಮಾತಾಡಕ್ಕ" ಎಂದ. "ಕೇಳಿಸ್ತಿದೆ."